ಯಾವ ಕಾಗದಕ್ಕೆ ಯಾವ ಕವರ್? ಲಕೋಟೆಯ ಬಗೆಗಳು, ಬಳಕೆ ಮತ್ತು ಕೊಡಗಿನ ಮಳೆಗಾಲ

2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿತು. ಆಮೇಲಿಂದ ಅಂಚೆ ಕಚೇರಿಗೆ ಹೋಗುವವರಲ್ಲಿ ಸಣ್ಣದೊಂದು ಗೊಂದಲ ಇದ್ದೇ ಇದೆ. ಹಳೇ ಕವರ್ ಸಾಕಾ, ಬಟ್ಟೆ ಕವರ್ ಬೇಕಾ, ತೂಕ ಎಷ್ಟು ಬರುತ್ತೆ, ಮೇಲೆ ಟೇಪ್ ಸುತ್ತಬಹುದಾ ಅಂತ.

ಕೊಡಗಿನಲ್ಲಿ ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಇಲ್ಲಿ ಎಷ್ಟೋ ಆಸ್ತಿ ಇಡೀ ಒಕ್ಕದ, ಅಂದರೆ ಒಂದೇ ಮನೆತನದ ಎಲ್ಲರ ಹೆಸರಲ್ಲಿ ಇರುತ್ತದೆ. ಒಬ್ಬರು ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ, ಒಬ್ಬರು ಮೈಸೂರಲ್ಲಿ, ಇನ್ನೊಬ್ಬರು ಸೇನೆಯಲ್ಲಿ, ಮತ್ತೊಬ್ಬರು ಗಲ್ಫ್‌ನಲ್ಲಿ. ಎಲ್ಲರ ಸಹಿ ಬೇಕು ಅಂದಾಗ ಒಂದೇ ಕಾಗದ ಊರೂರು ಸುತ್ತಿ ಬರಬೇಕು, ಅದೂ ಬಹಳ ಸಲ ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಹೊರಗೆ ಮಳೆ ಬಿಡದೆ ಹೊಯ್ಯುವಾಗ. ಮೊದಲೆಲ್ಲ ಅಂಚೆಯಲ್ಲಿ ಹೋಗುತ್ತಿದ್ದದ್ದು ಕುಶಲ ಕೇಳುವ ಪತ್ರ. ಅದೆಲ್ಲ ಈಗ ಮೊಬೈಲಿಗೆ ಹೋಯಿತು. ಇವತ್ತು ಕವರಿನೊಳಗೆ ಹೋಗುವುದು ಹೆಚ್ಚಾಗಿ ಮೂಲ ಪ್ರತಿ. ಅಂದರೆ ಕಳೆದುಹೋದರೆ, ನೆನೆದುಹೋದರೆ ಮತ್ತೆ ಮಾಡಿಸಲು ತಿಂಗಳುಗಟ್ಟಲೆ ಅಲೆಯಬೇಕಾದ ಕಾಗದ. ಅದಕ್ಕೇ ಕವರ್ ಬಗ್ಗೆ ಸ್ವಲ್ಪ ತಿಳಿದುಕೊಂಡಿರಬೇಕು ಅನ್ನೋದು ನನ್ನ ಅನಿಸಿಕೆ.

ಬಿಚ್ಚಿ ನೋಡಿದರೆ ಲಕೋಟೆ ಒಂದೇ ಹಾಳೆ

ಮನೆಗೆ ಬಂದ ಯಾವುದಾದರೂ ಮದುವೆ ಕವರನ್ನು ಕುದಿಯುವ ನೀರಿನ ಹಬೆಗೆ ಸ್ವಲ್ಪ ಹೊತ್ತು ಹಿಡಿಯಿರಿ. ಗೋಂದು ಮೆತ್ತಗಾಗುತ್ತದೆ. ನಿಧಾನವಾಗಿ ಎಲ್ಲ ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿ. ನಾಲ್ಕು ಕಡೆ ನಾಲ್ಕು ನಾಲಗೆ ಚಾಚಿದ ಒಂದೇ ಒಂದು ಹಾಳೆ ಸಿಗುತ್ತದೆ. ಎಡ ಬಲದ ಎರಡು ನಾಲಗೆ ಮೊದಲು ಒಳಕ್ಕೆ ಮಡಚಿಕೊಳ್ಳುತ್ತವೆ. ಅವುಗಳ ಮೇಲೆ ಕೆಳಗಿನ ನಾಲಗೆ ಬಂದು ಅಂಟಿಕೊಳ್ಳುತ್ತದೆ. ಮೇಲಿನದು ಮಾತ್ರ ತೆರೆದೇ ಇರುತ್ತದೆ, ಅದರ ಅಂಚಿಗೆ ಒಣಗಿದ ಗೋಂದಿನ ಹೊಳೆಯುವ ಪಟ್ಟಿ. ನೀರು ಸೋಕಿಸಿದರೆ ಅದು ಎಚ್ಚೆತ್ತು ಅಂಟುತ್ತದೆ.

ಬಾಯಿ ಎಲ್ಲಿದೆ ಅನ್ನೋದರ ಮೇಲೆ ಎರಡು ಜಾತಿ. ಉದ್ದದ ಅಂಚಿನಲ್ಲಿ ಬಾಯಿ ಇದ್ದರೆ ಪತ್ರವನ್ನು ಬೇಗ ಒಳಗಿಡಬಹುದು. ಆಹ್ವಾನ ಪತ್ರಿಕೆ, ಬ್ಯಾಂಕಿನ ಪತ್ರ, ಬಿಲ್ಲು ಎಲ್ಲ ಇಂಥದ್ದರಲ್ಲೇ ಬರುವುದು. ಗಿಡ್ಡ ಅಂಚಿನಲ್ಲಿ ಬಾಯಿ ಇರುವುದು ದೊಡ್ಡ ಕಂದು ಕವರುಗಳಲ್ಲಿ. ಬಾಯಿ ಚಿಕ್ಕದಾದಷ್ಟೂ ಒಳಗಿನ ಕಟ್ಟು ಜಾರಿ ಹೊರಬರುವ ಭಯ ಕಡಿಮೆ, ಹಾಗಾಗಿ ದಪ್ಪ ದಾಖಲೆಗೆ ಇದೇ ಒಳ್ಳೆಯದು.

ಇಷ್ಟು ಸರಳವಾದ ವಸ್ತು ಪತ್ರಗಳಿಗೆ ಮೊದಲಿನಿಂದಲೂ ಇರಲಿಲ್ಲ ಅಂದರೆ ಆಶ್ಚರ್ಯವಾಗುತ್ತೆ ಅಲ್ವಾ? ಬ್ರಿಟನ್ನಿನಲ್ಲಿ 1840ಕ್ಕೆ ಮೊದಲು ಅಂಚೆ ದರ ಲೆಕ್ಕ ಹಾಕುತ್ತಿದ್ದದ್ದು ದೂರದ ಮೇಲೆ ಮತ್ತು ಹಾಳೆಗಳ ಎಣಿಕೆ ಮೇಲೆ. ಕವರ್ ಹಾಕಿದರೆ ಅದೂ ಒಂದು ಹಾಳೆಯೇ, ಅದಕ್ಕೂ ದುಡ್ಡು. ಹಾಗಾಗಿ ಜನ ಪತ್ರವನ್ನೇ ಮಡಚಿ, ಅರಗಿನ ಮುದ್ರೆ ಒತ್ತಿ, ಅದರ ಬೆನ್ನಿಗೇ ವಿಳಾಸ ಬರೆದು ಕಳಿಸುತ್ತಿದ್ದರು. 1840ರಲ್ಲಿ ಅಂಚೆ ಸುಧಾರಕ ರೋಲೆಂಡ್ ಹಿಲ್ ಅವರ ಸಲಹೆಯಂತೆ ತೂಕದ ಮೇಲೆ ಒಂದೇ ದರ ಬಂತು. ಆಗ ಕವರ್ ಹಾಕಿದರೂ ನಷ್ಟ ಇಲ್ಲ ಅನ್ನುವಂತಾಯಿತು. 1845ರ ಹೊತ್ತಿಗೆ ಅಲ್ಲಿ ಲಕೋಟೆ ಮಡಚುವ ಯಂತ್ರಕ್ಕೆ ಪೇಟೆಂಟ್ ಕೂಡ ಸಿಕ್ಕಿತ್ತು. ನಮ್ಮ ದೇಶದಲ್ಲಿ ದೂರ ನೋಡದೆ ತೂಕಕ್ಕೆ ಒಂದೇ ದರ ಅನ್ನುವ ಪದ್ಧತಿ ಬಂದದ್ದು 1854ರಲ್ಲಿ.

ಜಿಎಸ್‌ಎಂ ಮತ್ತು ತೂಕದ ಲೆಕ್ಕ

ಅಂಗಡಿಯಲ್ಲಿ ಕವರ್ ಕೇಳಿದರೆ "80 ಜಿಎಸ್‌ಎಂ ಸಾಕಾ, 100 ಬೇಕಾ?" ಅನ್ನುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. ಸಂಖ್ಯೆ ಏರಿದಷ್ಟೂ ಕಾಗದ ಸಾಮಾನ್ಯವಾಗಿ ದಪ್ಪ. ಜೆರಾಕ್ಸ್ ಹಾಳೆ 70ರಿಂದ 80ರ ಆಸುಪಾಸು ಇರುತ್ತದೆ. ಕಂದು ಕವರ್ 80ರಿಂದ 120ರವರೆಗೂ ಸಿಗುತ್ತದೆ.

ಇದರಿಂದ ಮನೆಯಲ್ಲೇ ತೂಕ ಲೆಕ್ಕ ಹಾಕಬಹುದು. ಎ4 ಹಾಳೆ ಅಂದರೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂ ಇರುವ ಒಂದು ಎ4 ಹಾಳೆ 5 ಗ್ರಾಂ. ಉದ್ದನೆಯ ಸಾದಾ ಕವರ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಸಾಮಾನ್ಯ ಅಂಚೆಯಲ್ಲಿ ಮೊದಲ ಹಂತ 20 ಗ್ರಾಂ. ಕವರಿಗೆ 5, ಎರಡು ಹಾಳೆಗೆ 10. ಮೂರನೇ ಹಾಳೆ ಹಾಕಿದರೆ ಗೆರೆಯ ಮೇಲೆ ಬಂದು ನಿಂತಿರಿ, ಸ್ಟೇಪ್ಲರ್ ಪಿನ್ ಹೊಡೆದರೆ ದಾಟಿದಿರಿ!

ಸ್ಪೀಡ್ ಪೋಸ್ಟಿನ ಮೊದಲ ಹಂತ 50 ಗ್ರಾಂ. ಎ4 ಹಾಳೆ ಮಡಚದೆ ಹೋಗುವ ದೊಡ್ಡ ಕಂದು ಕವರ್ 100 ಜಿಎಸ್‌ಎಂದು ಆದರೆ ಖಾಲಿ ಕವರೇ ಸುಮಾರು 17 ಗ್ರಾಂ ಬರುತ್ತದೆ. ಆರು ಹಾಳೆ ಇಟ್ಟರೆ 47. ಏಳನೆಯದಕ್ಕೆ ಮುಂದಿನ ದರ. ಬಟ್ಟೆ ಕವರಾದರೆ ಇನ್ನೂ ಮೊದಲೇ ದಾಟುತ್ತದೆ. ಮೂಲ ದಾಖಲೆ ಕಳಿಸುವಾಗ ಈ ನಾಲ್ಕು ಕಾಸಿಗಾಗಿ ತೆಳು ಕವರ್ ಹುಡುಕಬೇಡಿ, ಆದರೆ ಬರೀ ಜೆರಾಕ್ಸ್ ಪ್ರತಿ ಕಳಿಸುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಅಳತೆ: ಇಂಚಿನ ಹೆಸರು, ಅಕ್ಷರದ ಹೆಸರು

ನಮ್ಮ ಅಂಗಡಿಗಳಲ್ಲಿ ಕವರಿನ ಹೆಸರು ಇಂಚಿನಲ್ಲೇ. ಒಂಬತ್ತು ನಾಲ್ಕು, ಹತ್ತು ನಾಲ್ಕೂವರೆ, ಹನ್ನೊಂದು ಐದು, ಹತ್ತು ಹನ್ನೆರಡು, ಹದಿನಾರು ಹನ್ನೆರಡು ಹೀಗೆ. ಆನ್‌ಲೈನಿನಲ್ಲಿ ತರಿಸಿದರೆ ಡಿಎಲ್, ಸಿ6, ಸಿ5, ಸಿ4 ಅಂತ ಬರೆದಿರುತ್ತದೆ. ಇದು ಎ4 ಕಾಗದದ ಅಳತೆಗೆ ಹೊಂದಿಸಿ ಮಾಡಿದ ಅಂತಾರಾಷ್ಟ್ರೀಯ ಅಳತೆ. ಸಿ4 ಕವರಿಗೆ ಎ4 ಹಾಳೆ ಮಡಚದೆ ಹೋಗುತ್ತದೆ. ಸಿ5ಗೆ ಒಂದು ಸಲ ಮಡಚಬೇಕು, ಸಿ6ಗೆ ಎರಡು ಸಲ. ಡಿಎಲ್ ಅಂದರೆ 110 ಮಿಲಿಮೀಟರ್ ಅಗಲ, 220 ಉದ್ದ. ಎ4 ಹಾಳೆಯನ್ನು ಮೂರು ಪಾಲಾಗಿ ಮಡಚಿದರೆ ಇದಕ್ಕೆ ಸರಿ.

ಇಲ್ಲೊಂದು ಕಡೆ ಬಹಳ ಜನಕ್ಕೆ ಕಿರಿಕಿರಿ ಆಗುತ್ತದೆ. ಮೂರು ಪಾಲು ಮಡಚಿದ ಎ4 ಹಾಳೆಯ ಅಗಲ 99 ಮಿಲಿಮೀಟರ್. ಒಂಬತ್ತು ನಾಲ್ಕರ ಕವರಿನ ಅಗಲ ಸುಮಾರು 101. ಮಡಿಕೆ ಸ್ವಲ್ಪ ಓರೆಯಾದರೂ ಕಾಗದ ಸಿಕ್ಕಿಕೊಳ್ಳುತ್ತದೆ, ಒತ್ತಿದರೆ ಮೂಲೆ ಹರಿಯುತ್ತದೆ. ಎರಡು ಮೂರು ಹಾಳೆ ಇದ್ದರೆ ಹತ್ತು ನಾಲ್ಕೂವರೆ ತೆಗೆದುಕೊಳ್ಳಿ, ಆರಾಮವಾಗಿ ಹೋಗುತ್ತದೆ.

ಆಸ್ತಿ ಕಾಗದಕ್ಕೆ ಇನ್ನೊಂದು ತೊಡಕು. ಕ್ರಯಪತ್ರ, ಕರಾರು ಪತ್ರಗಳು ಎಷ್ಟೋ ಸಲ ಲೀಗಲ್ ಸೈಜಿನಲ್ಲಿ ಇರುತ್ತವೆ, ಎಂಟೂವರೆ ಇಂಚು ಅಗಲ, ಹದಿನಾಲ್ಕು ಇಂಚು ಉದ್ದ. ಇದನ್ನು ಹತ್ತು ಹನ್ನೆರಡರ ಕವರಿಗೆ ಹಾಕಲು ಹೋದರೆ ಕೆಳಗಿನ ಎರಡು ಇಂಚು ಮಡಚಬೇಕಾಗುತ್ತದೆ. ಸಹಿ ಮತ್ತು ಮೊಹರು ಇರುವುದು ಅಲ್ಲೇ! ಮಡಿಕೆ ಬಿದ್ದ ಜಾಗದಲ್ಲೇ ವರ್ಷಗಳಾದ ಮೇಲೆ ಕಾಗದ ಸೀಳುವುದು. ಹದಿನಾರು ಹನ್ನೆರಡರ ಕವರ್ ಕೇಳಿ ತೆಗೆದುಕೊಳ್ಳಿ.

ತೀರಾ ಚಿಕ್ಕ ಕವರೂ ಅಂಚೆಗೆ ಆಗುವುದಿಲ್ಲ. ಕನಿಷ್ಠ 140 ಮಿಲಿಮೀಟರ್ ಉದ್ದ, 90 ಮಿಲಿಮೀಟರ್ ಅಗಲ ಇರಬೇಕು.

ಅಂಗಡಿಯಲ್ಲಿ ಸಿಗುವ ಬಗೆಗಳು

ಕಂದು ಕವರ್ ಎಲ್ಲರಿಗೂ ಗೊತ್ತು. ಇದು ಕ್ರಾಫ್ಟ್ ಕಾಗದ. ಬಿಳಿ ಮಾಡುವ ರಾಸಾಯನಿಕ ಹಾಕದೆ ಬಿಟ್ಟದ್ದರಿಂದ ಮರದ ಕಂದು ಬಣ್ಣ ಹಾಗೇ ಉಳಿದಿರುತ್ತದೆ. ಮರದ ಉದ್ದ ನಾರಿನಿಂದ ಮಾಡಿದ ಕ್ರಾಫ್ಟ್ ಗಟ್ಟಿ. ರದ್ದಿಯಿಂದ ಮತ್ತೆ ಮಾಡಿದ್ದು ಅಷ್ಟು ಗಟ್ಟಿ ಇರಲ್ಲ, ಏಕೆಂದರೆ ಪ್ರತಿ ಸಲ ಕರಗಿಸಿದಾಗಲೂ ನಾರು ಗಿಡ್ಡವಾಗುತ್ತ ಹೋಗುತ್ತದೆ. ಬಾಯಿಯ ಮೂಲೆಯನ್ನು ಒಂಚೂರು ಹರಿದು ನೋಡಿ. ಹರಿದ ಅಂಚಿನಲ್ಲಿ ಉದ್ದ ಉದ್ದ ಎಳೆ ಕಂಡರೆ ಒಳ್ಳೆ ಕಾಗದ. ಪುಡಿಪುಡಿಯಾಗಿ ಕಿತ್ತು ಬಂದರೆ ದೂರದ ಊರಿಗೆ ಬೇಡ.

ಬಟ್ಟೆ ಕವರ್, ಅಂದರೆ ಕ್ಲಾತ್ ಕವರ್, ಒಳಗಡೆ ತೆಳು ಬಟ್ಟೆ ಅಂಟಿಸಿದ್ದು. ಹಸಿರು ಇಲ್ಲವೇ ಕಂದು ಬಣ್ಣದ್ದು ಕಚೇರಿಗಳಲ್ಲಿ ಕಾಣುತ್ತದೆ. ಉತ್ತರ ಪತ್ರಿಕೆ ಕಟ್ಟು, ಕೋರ್ಟಿನ ಕಾಗದಗಳಿಗೆ ಇದನ್ನು ಬಳಸುತ್ತಾರೆ. ಬರೀ ಕಾಗದ ಒಂದು ಕಡೆ ಹರಿಯಲು ಶುರುವಾದರೆ ಅದೇ ದಾರಿಯಲ್ಲಿ ಓಡುತ್ತದೆ. ಬಟ್ಟೆಯಲ್ಲಿ ಅಡ್ಡ ಉದ್ದ ಎರಡೂ ನೂಲು ಇರುವುದರಿಂದ ಹರಿಯುವುದು ಮುಂದಿನ ನೂಲಿಗೆ ಬಂದು ನಿಂತುಬಿಡುತ್ತದೆ. ಮೂಲ ಆಸ್ತಿ ಪತ್ರಕ್ಕೆ ನನ್ನ ಓಟು ಇದಕ್ಕೇ.

ಕಿಟಕಿ ಕವರ್ ಬ್ಯಾಂಕು, ವಿಮೆ ಕಂಪನಿಗಳದ್ದು. ಒಳಗಿನ ಪತ್ರದಲ್ಲಿ ಅಚ್ಚಾದ ವಿಳಾಸವೇ ಪಾರದರ್ಶಕ ಹಾಳೆಯಿಂದ ಹೊರಗೆ ಕಾಣುತ್ತದೆ. ಸಾವಿರಾರು ಪತ್ರ ಕಳಿಸುವವರಿಗೆ ಇದರಿಂದ ಎರಡು ಲಾಭ. ವಿಳಾಸ ಎರಡು ಸಲ ಅಚ್ಚು ಹಾಕಬೇಕಿಲ್ಲ, ಒಬ್ಬರ ಪತ್ರ ಇನ್ನೊಬ್ಬರ ಕವರಿಗೆ ಹೋಗುವ ಅಪಾಯವೂ ಇಲ್ಲ. ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1902ರಲ್ಲಿ, ಶಿಕಾಗೋದ ಅಮೆರಿಕಸ್ ಕ್ಯಾಲಹನ್ ಅವರಿಗೆ. ಇಂಥ ಕವರಿನ ಒಳಮೈಯಲ್ಲಿ ನೀಲಿ ಗೀರು, ಸುರುಳಿಗಳ ಚಿತ್ತಾರ ಇರುತ್ತದೆ ನೋಡಿದ್ದೀರಾ? ಅದು ಅಂದಕ್ಕಲ್ಲ. ಬೆಳಕಿಗೆ ಹಿಡಿದಾಗ ಒಳಗಿನ ಅಕ್ಷರ, ಅಂಕಿ ಈ ಚಿತ್ತಾರದ ಜೊತೆ ಕಲಸಿಹೋಗಿ ಓದಲು ಆಗುವುದಿಲ್ಲ. ಚೆಕ್ ಕಳಿಸುವುದಾದರೆ ಇಂಥದ್ದನ್ನೇ ಆರಿಸಿ. ಸಾದಾ ಬಿಳಿ ಕವರೇ ಇದ್ದರೆ ಒಂದು ದಪ್ಪ ಹಾಳೆಯಲ್ಲಿ ಚೆಕ್ ಮಡಚಿ ಇಡಿ.

ಗುಳ್ಳೆ ಪ್ಲಾಸ್ಟಿಕ್ ಒಳಪದರದ ಬಬಲ್ ಕವರ್ ಗಾಜು, ಪೆನ್‌ಡ್ರೈವ್, ಒಡವೆಯಂಥ ವಸ್ತುವಿಗೆ. ಕಾಗದಕ್ಕೆ ಅದರ ಅಗತ್ಯವಿಲ್ಲ.

ಮಳೆಗಾಲದಲ್ಲಿ ಏನಾಗುತ್ತದೆ

ಕಾಗದ ಗಾಳಿಯಲ್ಲಿರುವ ತೇವವನ್ನು ಸದಾ ಹೀರುತ್ತ, ಬಿಡುತ್ತ ಇರುತ್ತದೆ. ಮಾಮೂಲಿ ಹವೆಯಲ್ಲಿ ಅದರ ತೂಕದಲ್ಲಿ ನೂರಕ್ಕೆ 5ರಿಂದ 7ರಷ್ಟು ನೀರೇ. ಭಾಗಮಂಡಲ, ನಾಪೋಕ್ಲು ಕಡೆ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಬಿಸಿಲು ಕಾಣದ ದಿನಗಳು ಬಂದಾಗ ಅದು ಹತ್ತನ್ನೂ ದಾಟುತ್ತದೆ. ಡಬ್ಬಿ ಮುಚ್ಚಳ ಹಾಕದೆ ಬಿಟ್ಟ ಹಪ್ಪಳದ ಹಾಗೆ ಕಾಗದವೂ ಮೆತ್ತಗಾಗಿ ಜೋತು ಬೀಳುತ್ತದೆ. ಸೌದೆ ಒಲೆಯ ಅಟ್ಟದ ಹತ್ತಿರ ಇಟ್ಟದ್ದು ಮಾತ್ರ ಗರಿಗರಿಯಾಗಿ ಉಳಿಯುತ್ತದೆ.

ತೇವ ಹೀರಿದ ನಾರು ಉದ್ದಕ್ಕಿಂತ ಅಗಲಕ್ಕೇ ಹೆಚ್ಚು ಉಬ್ಬುತ್ತದೆ. ಗೋಂದು ಬಳಿದ ಕಡೆ ಉಬ್ಬುವ ರೀತಿ ಬೇರೆ, ಬಳಿಯದ ಕಡೆ ಬೇರೆ. ಹಾಗಾಗಿ ಕವರಿನ ನಾಲಗೆ ಸುರುಟಿಕೊಳ್ಳುತ್ತದೆ. ಇನ್ನು ಗೋಂದಿನ ವಿಷಯ. ಹಳೇ ಮಾದರಿಯ ಕವರಿಗೆ ಬಳಿಯುವ ಗೋಂದು ಪಿಷ್ಟದಿಂದ ಮಾಡಿದ ಡೆಕ್ಸ್‌ಟ್ರಿನ್, ಇಲ್ಲವೇ ಜಾಲಿ ಜಾತಿಯ ಮರದ ಅಂಟು. ಎರಡಕ್ಕೂ ನೀರು ಅಂದರೆ ಇಷ್ಟ. ನಾವು ನೀರು ಸೋಕಿಸಬೇಕು ಅಂತಲೂ ಇಲ್ಲ, ಗಾಳಿಯ ತೇವವೇ ಸಾಕು. ಮೇ ತಿಂಗಳಲ್ಲಿ ಮದುವೆಗೆ ಅಂತ ತಂದು ಉಳಿದ ನೂರು ಕವರನ್ನು ಆಗಸ್ಟಿನಲ್ಲಿ ತೆಗೆದರೆ ಎಲ್ಲ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ. ಇದು ಕೊಡಗಿನ ಮನೆಮನೆ ಕಥೆ.

ಇದಕ್ಕೆ ಉಪಾಯ ಇದೆ. ಕಟ್ಟಿನಲ್ಲಿರುವ ಕವರುಗಳ ನಾಲಗೆ ತೆರೆದು, ಗೋಂದಿನ ಪಟ್ಟಿ ಯಾವುದಕ್ಕೂ ತಾಗದ ಹಾಗೆ ನಡುವೆ ಬಟರ್ ಪೇಪರ್ ತುಂಡು ಇಡಿ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಜೊತೆಗೆ ಹೊಸ ಚಪ್ಪಲಿ, ಬ್ಯಾಗಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಮೂರು ಹಾಕಿ. ಇಲ್ಲದಿದ್ದರೆ ಮಳೆಗಾಲಕ್ಕೆ ಅಂತಲೇ ಪಟ್ಟಿ ಕಿತ್ತು ಅಂಟಿಸುವ ಕವರ್ ತನ್ನಿ. ಅದರ ಅಂಟು ಒತ್ತಿದರೆ ಹಿಡಿಯುವಂಥದ್ದು, ಮೇಲಿನ ನುಣುಪು ಪಟ್ಟಿ ಕೀಳುವ ತನಕ ಸುಮ್ಮನಿರುತ್ತದೆ.

ಗೋಂದು ಸಿಗದಾಗ ಅನ್ನದ ಅಗುಳಿನಿಂದ ಅಂಟಿಸುವ ರೂಢಿ ನಮ್ಮಲ್ಲಿ ಹಳೆಯದು. ಬೇಸಿಗೆಯಲ್ಲಿ ತೊಂದರೆ ಇಲ್ಲ. ಮಳೆಗಾಲದಲ್ಲಿ ಅನ್ನ, ಮೈದಾ ಅಂಟು ಎರಡಕ್ಕೂ ಬೂಷ್ಟು ಹಿಡಿಯುತ್ತದೆ, ಜಿರಳೆಗೂ ಅದು ಊಟ. ಮೂಲ ದಾಖಲೆ ಇರುವ ಕವರಿಗೆ ಮಾತ್ರ ಇದು ಬೇಡವೇ ಬೇಡ.

ಮಳೆಯಲ್ಲಿ ಕಳಿಸಲೇಬೇಕಾದರೆ ಕಾಗದ ಚೆನ್ನಾಗಿ ಒಣಗಿದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಆಮೇಲೆ ತೆಳು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಬಟ್ಟೆ ಕವರಿಗೆ ಹಾಕಿ. ತೇವ ಇರುವ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಹಾಳು. ವಿಳಾಸ ಬಾಲ್‌ಪೆನ್ನಿನಲ್ಲೇ ಬರೆಯಿರಿ. ಅದರ ಶಾಯಿ ಎಣ್ಣೆಯಂಥದ್ದು, ನೀರಿಗೆ ಜಗ್ಗುವುದಿಲ್ಲ. ಮಾಮೂಲಿ ಜೆಲ್ ಪೆನ್ನಿನ ಶಾಯಿ ನೀರಿನದ್ದು. ಒಂದು ಹನಿ ಬಿದ್ದರೆ ಮೊದಲು ಅಕ್ಷರದ ಸುತ್ತ ನೀಲಿ ನೆರಳು ಮೂಡುತ್ತದೆ, ಆಮೇಲೆ ಸೊನ್ನೆ ಯಾವುದು, ಎಂಟು ಯಾವುದು ಗೊತ್ತಾಗುವುದಿಲ್ಲ. ಪಿನ್‌ಕೋಡಿನಲ್ಲಿ ಹೀಗಾದರೆ ಪತ್ರ ಇನ್ನೆಲ್ಲೋ ಹೋಗುತ್ತದೆ. ವಿಳಾಸದ ಮೇಲೆ ಪಾರದರ್ಶಕ ಟೇಪ್ ಅಂಟಿಸಬಹುದು, ಆದರೆ ಅಂಚೆ ಚೀಟಿಯ ಮೇಲೆ ಅಂಟಿಸಬಾರದು. ಅಂಚೆ ಮುದ್ರೆ ಚೀಟಿಗೇ ಬೀಳಬೇಕು. ರಕ್ಷಾಬಂಧನದ ಸಮಯದಲ್ಲಿ ಅಂಚೆ ಇಲಾಖೆಯೇ ನೀರು ಹೀರದ ರಾಖಿ ಕವರ್ ಮಾರುತ್ತದೆ. ಆ ಹಬ್ಬ ಬರುವುದೂ ಮಳೆಗಾಲದಲ್ಲೇ ಅಲ್ವಾ.

ಕವರಿನೊಳಗೊಂದು ಕವರ್

ಗುಟ್ಟು ಕಾಯಬೇಕಾದಾಗ ಒಂದು ಲಕೋಟೆ ಸಾಲುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಅಂಚೆ ಮತಪತ್ರ. ಕಾರ್ಯಪ್ಪ, ತಿಮ್ಮಯ್ಯನವರ ಈ ಜಿಲ್ಲೆಯಿಂದ ಸೇನೆಯಲ್ಲಿರುವವರು ಬಹಳ ಜನ, ಹಾಗಾಗಿ ಇದು ಇಲ್ಲಿಯ ಮನೆಗಳಿಗೆ ಹತ್ತಿರದ ವಿಷಯ. ಯೋಧ ಮತ ಗುರುತು ಮಾಡಿದ ಮತಪತ್ರವನ್ನು ಮೊದಲು ಚಿಕ್ಕ ಕವರಿಗೆ ಹಾಕಿ ಅಂಟಿಸುತ್ತಾರೆ. ಇದಕ್ಕೆ ನಮೂನೆ 13ಬಿ ಅನ್ನುತ್ತಾರೆ. "ಮತ ಹಾಕಿದ್ದು ನಾನೇ" ಅನ್ನುವ ಸಹಿ ಮಾಡಿದ ಘೋಷಣಾ ಪತ್ರ ಬೇರೆಯೇ ಇರುತ್ತದೆ. ಆ ಪತ್ರ ಮತ್ತು ಚಿಕ್ಕ ಕವರ್ ಎರಡೂ ಸೇರಿ ದೊಡ್ಡ ಕವರಿಗೆ, ಅಂದರೆ 13ಸಿಗೆ ಹೋಗುತ್ತವೆ. ಎಣಿಕೆಯ ದಿನ ಮೊದಲು ದೊಡ್ಡ ಕವರ್ ಒಡೆದು ಘೋಷಣೆ ಸರಿ ಇದೆಯಾ ನೋಡುತ್ತಾರೆ. ಸರಿ ಇದ್ದರೆ ಮಾತ್ರ ಮುಂದೆ ಒಳಗಿನ ಕವರ್ ಒಡೆಯುವುದು. ಹೆಸರು ನೋಡುವ ಹೊತ್ತಿಗೆ ಮತ ಕಾಣುವುದಿಲ್ಲ, ಮತ ಕಾಣುವ ಹೊತ್ತಿಗೆ ಹೆಸರಿನ ಕಾಗದ ಪಕ್ಕಕ್ಕೆ ಹೋಗಿರುತ್ತದೆ. ಎರಡು ತುಂಡು ಕಾಗದದಿಂದ ಇಷ್ಟು ಗಟ್ಟಿ ಕೆಲಸ ಆಗುತ್ತದೆ ಅನ್ನೋದು ನನಗೆ ಬಹಳ ಮೆಚ್ಚುಗೆ.

ಟೆಂಡರಿನ ದ್ವಿಲಕೋಟೆ ಪದ್ಧತಿಯಲ್ಲೂ ಇದೇ ಉಪಾಯ. ಒಂದು ಕವರಿನಲ್ಲಿ ಕೆಲಸ ಮಾಡುವ ಅರ್ಹತೆಯ ದಾಖಲೆ, ಇನ್ನೊಂದರಲ್ಲಿ ದರ. ಅರ್ಹತೆ ಒಪ್ಪಿಗೆಯಾದವರ ದರದ ಕವರನ್ನು ಮಾತ್ರ ತೆರೆಯುತ್ತಾರೆ. ಈಗ ದೊಡ್ಡ ಟೆಂಡರುಗಳೆಲ್ಲ ಕಂಪ್ಯೂಟರಿನಲ್ಲೇ ನಡೆದರೂ ಕ್ರಮ ಮಾತ್ರ ಅದೇ ಎರಡು ಲಕೋಟೆಯದ್ದು.

ಅಂಚೆಗೆ ಹೋಗದ ಕವರುಗಳು

ಮುಯ್ಯಿ ಕವರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ರೂಪಾಯಿ ನಾಣ್ಯ ಅಂಟಿಸಿಯೇ ಬರುವ ಕವರುಗಳು ಎಲ್ಲ ಕಡೆ ಸಿಗುತ್ತವೆ. ಅಕ್ಕಿ ಹಾಕಿ ಹರಸಿ ಕವರ್ ಕೈಗಿಡುವಾಗ ಹೆಸರು ಬರೆಯುವುದು ಮರೆಯಬೇಡಿ, ರಾತ್ರಿ ಕೂತು ಮುಯ್ಯಿ ಪಟ್ಟಿ ಬರೆಯುವವರಿಗೆ ಅದೇ ದೊಡ್ಡ ಉಪಕಾರ.

ಬೀಜಕ್ಕೆ ಕಾಗದದ ಕವರ್ ಒಳ್ಳೆಯದು, ಒಂದು ಷರತ್ತಿನ ಮೇಲೆ. ಈಗಷ್ಟೇ ಬಿಡಿಸಿದ ಬೀಜದಲ್ಲಿ ತೇವ ಇರುತ್ತದೆ. ಪ್ಲಾಸ್ಟಿಕ್ಕಿಗೆ ಹಾಕಿದರೆ ಕೊಳೆಯುತ್ತದೆ, ಕಾಗದದಲ್ಲಾದರೆ ತೇವ ಹೊರಗೆ ಹೋಗುತ್ತದೆ. ಆದರೆ ಪೂರ್ತಿ ಒಣಗಿದ ಬೀಜವನ್ನು ನಮ್ಮ ಮಳೆಗಾಲದಲ್ಲಿ ಬರೀ ಕಾಗದದಲ್ಲಿ ಬಿಟ್ಟರೆ ಅದೇ ದಾರಿಯಲ್ಲಿ ತೇವ ಒಳಗೂ ಬರುತ್ತದೆ. ಹಾಗಾಗಿ ಒಣಗಿದ ಮೇಲೆ ಕವರನ್ನೇ ಡಬ್ಬಿಯೊಳಗೆ ಇಟ್ಟು ಮುಚ್ಚಬೇಕು. ಕಾಫಿಪುಡಿಗೆ ಬರೀ ಕಾಗದ ಸಾಲದೆ ಒಳಪದರ ಬೇಕಾಗುವುದಕ್ಕೂ ಇದೇ ಕಾರಣ. ತೇವ ಒಳಗೆ, ಘಮ ಹೊರಗೆ.

ಪೊಲೀಸರು ರಕ್ತದ ಕಲೆ ಇರುವ ಬಟ್ಟೆಯಂಥ ಸಾಕ್ಷ್ಯವನ್ನು ಒಣಗಿಸಿ ಕಾಗದದ ಕವರಿನಲ್ಲೇ ಇಡಬೇಕಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ಉಳಿದ ತೇವಕ್ಕೆ ಬೂಷ್ಟು ಬೆಳೆದು ಡಿಎನ್‌ಎ ಹಾಳಾಗುತ್ತದೆ.

ಐನ್‌ಮನೆಯ ಪೆಟ್ಟಿಗೆಯಲ್ಲಿರುವ ಹಳೇ ಫೋಟೋಗಳಿಗೂ ಇದೇ ಮಾತು. ಪ್ಲಾಸ್ಟಿಕ್ ಆಲ್ಬಂ ಹಾಳೆಗೆ ಅಂಟಿಹೋದ ಫೋಟೋ ಕಿತ್ತರೆ ಮುಖವೇ ಕಿತ್ತು ಬರುತ್ತದೆ. ಒಂದೊಂದಕ್ಕೆ ಒಂದೊಂದು ಕಾಗದದ ಕವರ್ ಹಾಕಿ, ಆದರೆ ಕಂದು ಕವರ್ ಮಾತ್ರ ಬೇಡ. ಅದರಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುತ್ತದೆ, ಕಾಲ ಕಳೆದಂತೆ ಆಮ್ಲ ಬಿಟ್ಟು ಫೋಟೋ ಹಳದಿಯಾಗಲು ಕಾರಣವಾಗುತ್ತದೆ. ಆಮ್ಲವಿಲ್ಲದ ಕಾಗದ, ಅಂದರೆ ಆಸಿಡ್ ಫ್ರೀ ಅಂತ ಬರೆದಿರುವುದನ್ನೇ ಕೇಳಿ. ಫೋಟೋದಲ್ಲಿ ಯಾರಿದ್ದಾರೆ ಅನ್ನೋದನ್ನು ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ, ಫೋಟೋ ಒಳಗೆ ಹಾಕುವುದಕ್ಕೆ ಮೊದಲೇ. ಒಳಗಿಟ್ಟು ಬರೆದರೆ ಗೀರು ಫೋಟೋಗೂ ಬೀಳುತ್ತದೆ.

ವಿಳಾಸ ಬರೆಯುವುದು

ಯಾರಿಗೆ ಹೋಗಬೇಕೋ ಅವರ ವಿಳಾಸ ಮುಂಭಾಗದ ಬಲಭಾಗಕ್ಕೆ, ನಿಮ್ಮದು ಎಡಗಡೆ ಕೆಳಗೆ, ಅಂಚೆ ಚೀಟಿ ಬಲಗಡೆ ಮೇಲಿನ ಮೂಲೆಗೆ. ಪಿನ್‌ಕೋಡ್ ಬರೆಯದೆ ಬಿಡಬೇಡಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಯಲ್ಲಿ ಮೊದಲ ಮೂರು ಪತ್ರ ಯಾವ ವಿಂಗಡಣೆ ವಲಯಕ್ಕೆ ಹೋಗಬೇಕು ಅಂತ ಹೇಳುತ್ತವೆ, ಕೊನೆಯ ಮೂರು ಯಾವ ಅಂಚೆ ಕಚೇರಿ ಅಂತ. ಮಡಿಕೇರಿ 571201, ವಿರಾಜಪೇಟೆ 571218. ನಮ್ಮಲ್ಲಿ ಒಂದೇ ಹೆಸರಿನ ಊರು, ಒಂದೇ ಮನೆ ಹೆಸರಿನ ಹತ್ತು ಮನೆ ಇರುವುದರಿಂದ ತೋಟದ ಹೆಸರು, ಗ್ರಾಮ, ಅಂಚೆ ಕಚೇರಿ ಮೂರನ್ನೂ ಬರೆಯಿರಿ. ಸಾಧ್ಯವಾದರೆ ಫೋನ್ ನಂಬರ್ ಕೂಡ.

ಕಳಿಸಿದವರ ವಿಳಾಸ ಬರೆಯದ ಪತ್ರ ತಲುಪದಿದ್ದರೆ ಅಂಚೆ ಇಲಾಖೆಯ ರಿಟರ್ನ್ಡ್ ಲೆಟರ್ ಆಫೀಸಿಗೆ ಹೋಗುತ್ತದೆ. ಯಾರದ್ದು ಅಂತ ತಿಳಿಯಲು ಅಲ್ಲಿ ಕವರ್ ತೆರೆದು ನೋಡುವ ಅಧಿಕಾರ ಇದೆ. ಆದ್ದರಿಂದ ಒಳಗೂ ಒಂದು ಚೀಟಿಯಲ್ಲಿ ಎರಡೂ ವಿಳಾಸ ಬರೆದು ದಾಖಲೆಯ ಜೊತೆ ಇಡಿ. ಹೊರಗಿನ ಬರಹ ಮಳೆಗೆ ಅಳಿಸಿಹೋದರೂ ಆ ಚೀಟಿ ನೋಡಿ ಕಾಗದವನ್ನು ನಿಮಗೆ ವಾಪಸ್ ಕಳಿಸಬಹುದು.